ಕತ್ತಿನ ಕೊಳವೆ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ. ತಲೆಗೆ ಪೆಟ್ಟು ಬಿದ್ದವರನ್ನು ಅಲ್ಲಿಗೆ ತರುತ್ತಾರೆ. ಹತ್ತಿರದಲ್ಲೇ ಕಿದ್ವಾಯಿ ಆಸ್ಪತ್ರೆ ಇದೆ. ಅದು ಕ್ಯಾನ್ಸರ್ ಆಸ್ಪತ್ರೆ. ಇಂಥ ಕಡೆ ಕೆಲವು ರೋಗಿಗಳ ಕತ್ತಿನಲ್ಲಿ ಒಂದು ಕೊಳವೆ ಕಾಣುತ್ತದೆ. ಅದೇನು? ಬನ್ನಿ, ತಿಳಿಯೋಣ.

ನಾವು ಮೂಗಿನಿಂದ ಗಾಳಿ ಎಳೆಯುತ್ತೇವೆ. ಅದು ಗಂಟಲಿನ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ. ಈ ದಾರಿ ಕಟ್ಟಿಕೊಂಡರೆ ಉಸಿರು ನಿಲ್ಲುತ್ತದೆ. ಆಗ ವೈದ್ಯರು ಕತ್ತಿನ ಮುಂಭಾಗದಲ್ಲಿ ತೂತು ಮಾಡಿ ಕೊಳವೆ ಹಾಕುತ್ತಾರೆ. ಕೆಮ್ಮಿ ಕಫ ತೆಗೆಯಲು ಆಗದವರಿಗೂ ಹಾಕುತ್ತಾರೆ. ಇದಕ್ಕೆ ಟ್ರಾಕಿಯಾಸ್ಟಮಿ ಎನ್ನುತ್ತಾರೆ. ಗಾಳಿ ಧ್ವನಿಪೆಟ್ಟಿಗೆಗೆ ಹೋಗದ ಕಾರಣ ಮಾತು ಹೊರಡುವುದಿಲ್ಲ. ಗುಣವಾದ ಮೇಲೆ ಹಲವರಿಗೆ ಕೊಳವೆ ತೆಗೆಯುತ್ತಾರೆ.

ಬನಶಂಕರಿಯ ಒಂದು ವಠಾರ. ಗಾರೆ ಕೆಲಸದವನೊಬ್ಬ ಮಹಡಿಯಿಂದ ಬಿದ್ದ. ಜೀವ ಉಳಿಯಿತು. ಕತ್ತಿನಲ್ಲಿ ಕೊಳವೆಯೊಂದಿಗೆ ಮನೆಗೆ ಬಂದ.

ಆಸ್ಪತ್ರೆಯಲ್ಲಿ ಸಿಸ್ಟರ್ ಅವನ ಹೆಂಡತಿಗೆ ಎಲ್ಲ ಕಲಿಸಿದ್ದರು. "ನೋಡಮ್ಮ, ಕೊಳವೆ ಒಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ಅದರಲ್ಲಿ ಕಫ ಕಟ್ಟುತ್ತೆ. ದಿನಾ ತೆಗೆದು ತೊಳೀಬೇಕು. ತೊಳೆದ ಇನ್ನೊಂದು ಯಾವಾಗಲೂ ಕೈಗೆ ಸಿಗೋ ಹಾಗಿರಲಿ."

ಬೆಳಗಿನ ಚಳಿಗೆ ಅತ್ತೆ ಮಫ್ಲರ್ ತಂದರು. "ಬೇಡಿ ಅತ್ತೆ! ಈಗ ಕತ್ತೇ ಅವರ ಮೂಗು. ಮುಚ್ಚಬಾರದು" ಎಂದಳು ಸೊಸೆ.

ಒಂದು ರಾತ್ರಿ ಅವನಿಗೆ ಗೊರಗೊರ ಸದ್ದು ಬಂತು. ಮೈ ಬೆವರಿತು. ಬಾಯಿ ಆಡಿತು, ಮಾತಿಲ್ಲ. ಬಾಯಾರಿಕೆಯೇನೋ ಎಂದು ಅತ್ತೆ ನೀರು ತಂದರು. ಅವನು ಸ್ಲೇಟು ಎಳೆದುಕೊಂಡು ಬರೆದ: "ಕಫ". ಹೆಂಡತಿ ಓದಿದಳು. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ! ಕೈ ತೊಳೆದಳು. ಒಳಕೊಳವೆ ತೆಗೆದಳು. ಗಟ್ಟಿ ಕಫ ಕಟ್ಟಿತ್ತು. ತೊಳೆದಿಟ್ಟ ಕೊಳವೆ ಹಾಕಿದಳು. ಉಸಿರು ಸಲೀಸಾಯಿತು.

ನೆನಪಿಡಿ:

1. ಕೊಳವೆ ಮುಟ್ಟುವ ಮೊದಲು, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

2. ಕತ್ತಿನ ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಜಾಗವಿರಲಿ. ಒದ್ದೆಯಾದರೆ ಪಟ್ಟಿ ಬದಲಿಸಿ. ಬದಲಿಸುವಾಗ ಇನ್ನೊಬ್ಬರು ಕೊಳವೆ ಹಿಡಿದಿರಲಿ.

3. ಸ್ನಾನದ ನೀರು ಕೊಳವೆಗೆ ಹೋಗಬಾರದು.

4. ಬೀಡಿ, ಸಾಂಬ್ರಾಣಿ ಹೊಗೆ, ಪೌಡರು, ದೂಳು ಹತ್ತಿರ ಬೇಡ.

5. ಯಂತ್ರದಿಂದ ಕಫ ಎಳೆಯುವುದನ್ನು ಆಸ್ಪತ್ರೆಯಲ್ಲಿ ಕಲಿತೇ ಮಾಡಿ. ಒಂದು ಸಲಕ್ಕೆ 10 ಸೆಕೆಂಡು ಸಾಕು.

6. ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ರಕ್ತ ಬಂದರೆ, ಹೊರಕೊಳವೆ ಕಳಚಿದರೆ ತಡಮಾಡಬೇಡಿ. 108ಕ್ಕೆ ಫೋನ್ ಮಾಡಿ.

ಮಾತು ನಿಂತವರ ಪಕ್ಕದಲ್ಲಿ ಸ್ಲೇಟು ಇಡಿ. ಅವರು ಬರೆದದ್ದನ್ನು ಓದುವವರು ಮನೆಯಲ್ಲಿರಲಿ.

ಉತ್ತರ ಹೇಳಿ: ಕೊಳವೆ ಇರುವವರ ಕತ್ತಿಗೆ ಮಫ್ಲರ್ ಏಕೆ ಸುತ್ತಬಾರದು?