ಮಳೆ ಹಿಡಿಯುವ ಮುನ್ನ ಇಂಜಿನ್ನಿನ ನೀರು ಬಸಿಯಿರಿ

ಸೂರಗೊಂಡನಕೊಪ್ಪದಲ್ಲಿ ಫೆಬ್ರವರಿ 15ರ ಸಂತ ಸೇವಾಲಾಲರ ಜಯಂತಿ ಮುಗಿಯುವ ಹೊತ್ತಿಗೆ ಬಿಸಿಲು ಬಲಿಯುತ್ತದೆ. ಅಲ್ಲಿಂದ ರೋಹಿಣಿ ಮಳೆಯವರೆಗೆ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಸೀಮೆಯ ಹೊಳೆದಂಡೆ, ಹಳ್ಳ, ಕೃಷಿಹೊಂಡಗಳ ಬಳಿ ಡೀಸೆಲ್ ಇಂಜಿನ್‌ಗಳಿಗೆ ಬಿಡುವಿಲ್ಲ. ಕರೆಂಟು ತಲುಪದ ಕಡೆ ಅಡಿಕೆ ಸಸಿ ಬದುಕುವುದೇ ಅವುಗಳ ದೆಸೆಯಿಂದ. ಮುಂಗಾರು ಹಿಡಿದು ಮೆಕ್ಕೆಜೋಳದ ಬಿತ್ತನೆ ಶುರುವಾಯಿತೋ, ಅದೇ ಇಂಜಿನ್ ಮೂಲೆ ಸೇರುತ್ತದೆ. ಸುಗ್ಗಿಯಾದ ಮೇಲೆ ಕಾಫಿ ತೋಟಕ್ಕೆ, ಕಬ್ಬು ಕಡಿಯಲು ತಾಂಡಾಗಳಿಂದ ಗುಳೆ ಹೋಗುವ ಮನೆಗಳಲ್ಲಂತೂ ಅದನ್ನು ಮತ್ತಷ್ಟು ತಿಂಗಳು ಯಾರೂ ಮುಟ್ಟುವುದಿಲ್ಲ. ಮರಳಿ ಬಂದು ಹ್ಯಾಂಡಲ್ ಹಾಕಿದರೆ ಚಕ್ರ ಜಗ್ಗುವುದಿಲ್ಲ. ಬಿಚ್ಚಿ ನೋಡಿದರೆ ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಲೈನರಿಗೆ ಕಚ್ಚಿಕೊಂಡಿರುತ್ತವೆ. ಬೋರು, ರಿಂಗು, ಗ್ಯಾಸ್ಕೆಟ್, ಕೂಲಿ ಎಂದು ಸಣ್ಣ ಹಿಡುವಳಿಯ ರೈತನ ಕೈಯಲ್ಲಿದ್ದ ದುಡ್ಡೆಲ್ಲ ಅದಕ್ಕೇ ಸುರಿಯಬೇಕು.

ಚಳಿದೇಶಗಳಲ್ಲಿ ದೋಣಿ ಇರುವವರು ಹಿಮ ಬೀಳುವ ಮೊದಲೇ ಅದರ ಇಂಜಿನ್ನಿನ ನೀರು ತೆಗೆದುಬಿಡುತ್ತಾರೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುವುದರಿಂದ ಬೀಡಿನ ಬ್ಲಾಕ್ ಕೂಡ ಸೀಳಿಹೋಗುತ್ತದೆ. ನಮ್ಮ ಸೀಮೆಯಲ್ಲಿ ಎಂಥ ಚಳಿಗೂ ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಒಳಗೆ ಉಳಿದ ನೀರು ಸುಮ್ಮನಿರುವುದಿಲ್ಲ, ತಿಂಗಳುಗಟ್ಟಲೆ ಕಬ್ಬಿಣ ತಿನ್ನುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವಾಗ ಬೋಟುಗಳ ಇಂಜಿನ್ ರಿಪೇರಿ ನಡೆಯುತ್ತದೆ. ಒಳನಾಡಿನ ಪಂಪ್‌ಸೆಟ್ಟಿಗೂ ಅಂಥದೊಂದು ದಿನ ಬೇಕು. ರೋಹಿಣಿ ಮಳೆ ಕಾಣಿಸಿಕೊಂಡಾಗಲೇ ಅರ್ಧ ದಿನ ಎತ್ತಿಡಿ.

ಮೊದಲು ತೊಳೆತ, ಆಮೇಲೆ ಆಯಿಲ್

ಕೊನೆಯ ದಿನ ಫುಟ್‌ವಾಲ್ವನ್ನು ತಿಳಿನೀರಿನ ತೊಟ್ಟಿಗೆ ಬಿಟ್ಟು ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ. ಇಂಜಿನ್ ತಣಿಸಲು ಹರಿಯುವ ಹೊಳೆನೀರಿನ ಜೊತೆ ಬ್ಲಾಕಿನೊಳಗೆ ಸೇರಿದ ಕೆಸರು ಸ್ವಲ್ಪವಾದರೂ ಹೊರಬರುತ್ತದೆ. ನಿಲ್ಲಿಸಿ, ಬಿಸಿ ಇರುವಾಗಲೇ ಹಳೆ ಆಯಿಲ್ ಇಳಿಸಿ. ತಣ್ಣಗಾದರೆ ಮಸಿ ತಳದಲ್ಲೇ ಕೂರುತ್ತದೆ. ‘ಹೇಗೂ ಓಡಿಸುವುದಿಲ್ಲ, ಹೊಸ ಆಯಿಲ್ ಮುಂದಿನ ವರ್ಷ ಹಾಕಿದರಾಯಿತು’ ಎಂಬ ಲೆಕ್ಕ ತಪ್ಪು. ಡೀಸೆಲ್ ಉರಿದು ಹುಟ್ಟಿದ ಆಮ್ಲ, ತೇವ ಎರಡೂ ಹಳೆ ಆಯಿಲ್‌ನಲ್ಲಿರುತ್ತವೆ. ಇಂಜಿನ್ ಸುಮ್ಮನೆ ನಿಂತಿದ್ದರೂ ಅವು ಬೇರಿಂಗ್ ಕೆಡಿಸುತ್ತವೆ. ಕಂಪನಿ ಹೇಳಿದ ಗ್ರೇಡಿನ ಹೊಸ ಆಯಿಲ್ ಹಾಕಿ, ಎರಡು ಮೂರು ನಿಮಿಷ ಓಡಿಸಿ, ಎಲ್ಲ ಭಾಗಕ್ಕೂ ಹರಡಲಿ. ಇಳಿಸಿದ ಆಯಿಲನ್ನು ದಯವಿಟ್ಟು ಹಳ್ಳಕ್ಕೆ ಚೆಲ್ಲಬೇಡಿ, ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ.

ನೀರು ಬಸಿಯುವುದು

ಇದೇ ಮುಖ್ಯ ಕೆಲಸ, ಹೆಚ್ಚಿನವರು ಅರ್ಧಕ್ಕೆ ಬಿಡುವುದೂ ಇದನ್ನೇ. ಬ್ಲಾಕಿನ ಕೆಳಗಡೆ ಡ್ರೈನ್ ನಲ್ಲಿಯೋ ಬೋಲ್ಟೋ ಇರುತ್ತದೆ; ಪಂಪಿನ ಹೊಟ್ಟೆಯ ಅಡಿಯಲ್ಲೂ ಒಂದು ಪ್ಲಗ್ ಇರುತ್ತದೆ. ಇಂಜಿನ್ ಆರಿದ ಮೇಲೆ ಎರಡನ್ನೂ ತೆಗೆಯಿರಿ. ಬೋಲ್ಟ್ ತೆಗೆದರೂ ನೀರು ಬಾರದಿದ್ದರೆ ಖಾಲಿ ಎಂದುಕೊಳ್ಳಬೇಡಿ. ಹೊಳೆಯ ರೇವೆ ಮಣ್ಣು ತೂತಿಗೆ ಅಡ್ಡ ಕೂತಿರುತ್ತದೆ. ಗಟ್ಟಿ ತಂತಿ ಹಾಕಿ ಕೆದಕಿದರೆ ಮೊದಲು ಕೆಂಪು ಕೆಸರು, ಆಮೇಲೆ ಭಸಕ್ಕನೆ ನೀರು ಬರುತ್ತದೆ. ಇಂಜಿನ್ನನ್ನು ಸ್ವಲ್ಪ ವಾಲಿಸಿ ಕೊನೆಯ ಹನಿವರೆಗೂ ಇಳಿಸಿ. ಬೋಲ್ಟುಗಳನ್ನು ಬಟ್ಟೆಯಲ್ಲಿ ಕಟ್ಟಿ ಹ್ಯಾಂಡಲಿಗೇ ನೇತುಹಾಕಿ. ಸಕ್ಷನ್ ಪೈಪು, ಫುಟ್‌ವಾಲ್ವ್ ಬಿಚ್ಚಿ ತೊಳೆದು ಒಣಗಿಸಿ. ಗಾಳಿಯಿಂದ ತಣಿಯುವ ಇಂಜಿನ್ ಆದರೆ ಪಂಪಿನ ನೀರು ತೆಗೆದರೆ ಸಾಕು.

ಟ್ರ್ಯಾಕ್ಟರಿನ ರೇಡಿಯೇಟರ್ ಮಾತು ಬೇರೆ. ಅದರಲ್ಲಿ ಕೂಲೆಂಟ್ ಇದ್ದರೆ ಖಾಲಿ ಮಾಡಬೇಡಿ. ತುಕ್ಕು ತಡೆಯುವ ಮದ್ದು ಅದರಲ್ಲೇ ಇರುತ್ತದೆ. ಹಳೆಯದನ್ನು ಬದಲಿಸುವಾಗ ಮಾತ್ರ ಬಹಳ ಎಚ್ಚರ ಬೇಕು. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ಕರು ನೆಕ್ಕಿದರೆ ಜೀವ ಉಳಿಯುವುದು ಕಷ್ಟ.

ಸಿಲಿಂಡರಿಗೆ ಎರಡು ಚಮಚ

ಡೀಸೆಲ್ ಬಂದ್ ಇರಲಿ. ನಾಜಲ್ ಬಿಚ್ಚಲು ಬರುವವರು ಅದರ ತೂತಿನಿಂದ, ಬಾರದವರು ಏರ್ ಕ್ಲೀನರ್ ತೆಗೆದು ಗಾಳಿ ಎಳೆಯುವ ಬಾಯಿಂದ ಎರಡು ಟೀ ಚಮಚ ಹೊಸ ಇಂಜಿನ್ ಆಯಿಲ್ ಬಿಡಿ. ಹೆಚ್ಚು ಸುರಿಯಬಾರದು, ಕನೆಕ್ಟಿಂಗ್ ರಾಡ್ ಬಾಗೀತು. ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್‌ನಿಂದ ನಿಧಾನವಾಗಿ ಏಳೆಂಟು ಸುತ್ತು ತಿರುಗಿಸಿ. ಆಮೇಲೆ ಲಿವರ್ ಇಳಿಸಿ, ಹ್ಯಾಂಡಲ್ ತೆಗೆದು ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಹೋಗಿ. ಒಂದು ಕಡೆ ಗಾಳಿ ಒತ್ತಿ ಬಿಗಿ ಹಿಡಿಯುತ್ತದೆ. ಅಲ್ಲೇ ಬಿಡಿ. ಆ ಜಾಗದಲ್ಲಿ ಎರಡೂ ವಾಲ್ವ್ ಮುಚ್ಚಿರುವುದರಿಂದ ಹೊರಗಿನ ಥಂಡಿ ಗಾಳಿ ಸಿಲಿಂಡರಿಗೆ ಇಳಿಯುವುದಿಲ್ಲ.

ಸೈಲೆನ್ಸರ್ ಬಾಯಿಗೂ ಏರ್ ಕ್ಲೀನರಿಗೂ ದಪ್ಪ ಪ್ಲಾಸ್ಟಿಕ್ ಕಟ್ಟಿ. ತೆರೆದಿಟ್ಟರೆ ಮಳೆನೀರು ಇಳಿಯುತ್ತದೆ, ಕಣಜ ಗೂಡು ಕಟ್ಟುತ್ತದೆ.

ಡೀಸೆಲ್ ಟ್ಯಾಂಕನ್ನು ಬಾಯಿವರೆಗೆ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ಅರ್ಧ ಬಿಟ್ಟರೆ ಖಾಲಿ ಜಾಗದ ತೇವ ನೀರಾಗಿ ತಳ ಸೇರುತ್ತದೆ. ಅಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಲೋಳೆ ಫಿಲ್ಟರ್ ಕಟ್ಟಿಸುತ್ತದೆ. ಪೆಟ್ರೋಲ್ ಪಂಪು, ಸ್ಪ್ರೇಯರ್‌ಗಳಿಗೆ ಖಾಲಿ ಮಾಡುವುದೇ ಸರಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದ್ದು ಅದು ತೇವ ಎಳೆದುಕೊಳ್ಳುತ್ತದೆ. ಕಾರ್ಬುರೇಟರಿನಲ್ಲಿ ಉಳಿದದ್ದೂ ಮುಗಿದು ತಾನೇ ನಿಲ್ಲುವವರೆಗೆ ಓಡಿಸಿ.

ಎಲ್ಲಿಡಬೇಕು

ಹೊಳೆದಂಡೆಯಲ್ಲಂತೂ ಬಿಡಬೇಡಿ. ತುಂಗಭದ್ರೆ ಉಕ್ಕಿ ಹೊನ್ನಾಳಿಯ ತಗ್ಗಿನ ಮನೆಗಳಿಗೇ ನೀರು ನುಗ್ಗುವ ವರ್ಷಗಳಿವೆ. ಹಾಗೂ ಮುಳುಗಿದರೆ, ಓಡುತ್ತದೋ ನೋಡೋಣ ಎಂದು ಹ್ಯಾಂಡಲ್ ಹೊಡೆಯಬೇಡಿ. ಆಯಿಲ್, ಡೀಸೆಲ್ ಎಲ್ಲ ಇಳಿಸಿ ಅದೇ ದಿನ ಮೆಕ್ಯಾನಿಕ್ ಬಳಿ ಒಯ್ಯಿರಿ.

ಮನೆಯಲ್ಲಿ ಮಣ್ಣು ನೆಲ ತಾಗದಂತೆ ಹಲಗೆಯ ಮೇಲಿಡಿ. ಗೊಬ್ಬರದ ಚೀಲಗಳ ಪಕ್ಕ ಬೇಡವೇ ಬೇಡ. ಯೂರಿಯಾ, ಪೊಟ್ಯಾಷ್ ಎರಡೂ ತೇವ ಎಳೆಯುತ್ತವೆ, ಅವುಗಳ ಪುಡಿ ಕೂತ ಕಬ್ಬಿಣ ಬಹುಬೇಗ ತುಕ್ಕು ಹಿಡಿಯುತ್ತದೆ. ತಾಡಪಾಲನ್ನು ಮೇಲಷ್ಟೇ ಹೊದಿಸಿ. ಸುತ್ತಲೂ ಬಿಗಿದು ಕಟ್ಟಿದರೆ ಒಳಗೇ ಬೆವರಿ ಬಣ್ಣ ಕೂಡ ಏಳುತ್ತದೆ. ಬೆಲ್ಟ್ ಸಡಿಲಿಸಿ. ಬ್ಯಾಟರಿ ಇದ್ದರೆ ತಂತಿ ಕಳಚಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ.

ಮತ್ತೆ ಹೂಡುವಾಗ

ಕಟ್ಟಿದ ಪ್ಲಾಸ್ಟಿಕ್ ಮೊದಲು ಬಿಚ್ಚಿ. ಬೋಲ್ಟು, ಪ್ಲಗ್ಗು ಹಾಕಿ. ಆಯಿಲ್ ಗೇಜು ಎಳೆದು ನೋಡಿ; ಹಾಲು ಬೆರೆಸಿದ ಬಣ್ಣ ಕಂಡರೆ ನೀರು ಸೇರಿದೆ ಎಂದರ್ಥ, ಅದನ್ನು ಬದಲಿಸದೆ ಓಡಿಸಬಾರದು. ಲಿವರ್ ಎತ್ತಿ ಹತ್ತು ಸುತ್ತು ಕೈಯಲ್ಲಿ ತಿರುಗಿಸಿ, ಉಳಿದ ಆಯಿಲ್ ಹೊರಹೋಗಲಿ. ಡೀಸೆಲ್ ಪೈಪಿನ ಗಾಳಿ ತೆಗೆಯಿರಿ, ಪಂಪಿಗೆ ನೀರು ತುಂಬಿ ಸ್ಟಾರ್ಟ್ ಮಾಡಿ. ಮೊದಲು ಸ್ವಲ್ಪ ಬಿಳಿ ಹೊಗೆ ಬರುತ್ತದೆ, ಹೆದರಬೇಕಿಲ್ಲ. ಕಣ್ಣಿಡಬೇಕಾದ್ದು ಬ್ಲಾಕಿನಿಂದ ಹೊರಬರುವ ಸಣ್ಣ ನೀರಿನ ಪೈಪಿನ ಮೇಲೆ. ಪಂಪು ನೀರೆತ್ತಿದ ಮೇಲೂ ಅದರಲ್ಲಿ ನೀರು ಬಾರದಿದ್ದರೆ ತಕ್ಷಣ ನಿಲ್ಲಿಸಿ, ತಂತಿ ಹಿಡಿದು ಕೆಸರು ಕೆದಕಿ.