ತಟ್ಟೆ ತಿರುಗುತ್ತೆ, ಅನ್ನ ಮಾತ್ರ ತಣ್ಣಗೆ

ಮೈಕ್ರೋವೇವ್ ಆನ್ ಮಾಡ್ತೀವಿ. ಒಳಗೆ ಲೈಟ್ ಬರುತ್ತೆ, ತಟ್ಟೆ ತಿರುಗುತ್ತೆ, ಫ್ಯಾನ್ ಸದ್ದು ಮಾಡುತ್ತೆ, ಎರಡು ನಿಮಿಷ ಆದ್ಮೇಲೆ ಬೀಪ್ ಕೂಡ ಕೇಳಿಸುತ್ತೆ. ಆದ್ರೆ ನಿನ್ನೆಯ ಬಿಸಿಬೇಳೆಬಾತ್ ಫ್ರಿಜ್‌ನಿಂದ ತೆಗೆದಾಗ ಹೇಗಿತ್ತೋ ಹಾಗೇ ಇರುತ್ತೆ. ಆಗ ಪೀಜಿಯಲ್ಲಿ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ: "ಎಲ್ಲಾ ಓಡ್ತಿದೆ, ಎಲ್ಲೋ ಲೂಸ್ ಕನೆಕ್ಷನ್ ಇರ್ಬೇಕು. ನೀನು ಇಂಜಿನಿಯರಿಂಗ್ ಅಲ್ವಾ, ಬಿಚ್ಚಿ ನೋಡು." ಈ ಲೇಖನ ಆ ಮಾತು ಕೇಳಿಸಿಕೊಂಡವರಿಗಾಗಿ.

ಮೊದಲು ಒಂದು ವಿಷಯ. ಲೈಟ್, ಫ್ಯಾನ್, ತಟ್ಟೆಯ ಮೋಟರ್ ಇವೆಲ್ಲಾ ನೇರವಾಗಿ 230 ವೋಲ್ಟ್‌ನಲ್ಲಿ ಓಡೋ ಚಿಲ್ಲರೆ ಲೋಡ್‌ಗಳು. ಎಲ್ಲಾ ಸೇರಿಸಿದ್ರೂ 100 ವ್ಯಾಟ್ ದಾಟೋದು ಕಷ್ಟ. ಬಿಸಿ ಮಾಡೋ ಭಾಗ ಬೇರೆಯೇ ಇದೆ. ಅಲ್ಲಿ ಒಂದು ದಪ್ಪ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನ ಸುಮಾರು 2000 ವೋಲ್ಟ್‌ಗೆ ಏರಿಸುತ್ತೆ. ಒಂದು ಕೆಪಾಸಿಟರ್ ಮತ್ತು ಒಂದು ಡಯೋಡ್ ಸೇರಿ ಅದನ್ನ ಡಬಲ್ ಮಾಡಿ ಸುಮಾರು 4000 ವೋಲ್ಟ್ ಡಿಸಿಯನ್ನ ಮ್ಯಾಗ್ನೆಟ್ರಾನ್‌ಗೆ ಕೊಡುತ್ತವೆ. ಅದು 2.45 ಗಿಗಾಹರ್ಟ್ಸ್ ಅಲೆಗಳನ್ನ ಹೊರಗೆ ಬಿಡುತ್ತೆ. ಮ್ಯಾಗ್ನೆಟ್ರಾನ್ ಹುಟ್ಟಿದ್ದು ಅಡುಗೆಮನೆಗಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ರ‍್ಯಾಂಡಲ್ ಮತ್ತು ಬೂಟ್ 1940ರಲ್ಲಿ ಮಾಡಿದ ಅದರ ಕ್ಯಾವಿಟಿ ರೂಪ ರೇಡಾರ್‌ಗೆ ಬೇಕಾಗಿತ್ತು. ಇರಲಿ. ತಟ್ಟೆ ತಿರುಗ್ತಿದೆ ಅಂದ್ರೆ ಈ ದೊಡ್ಡ ವೋಲ್ಟೇಜ್ ಭಾಗದ ಬಗ್ಗೆ ನಮಗೆ ಏನೂ ಗೊತ್ತಾಗಲ್ಲ ಅನ್ನೋದಷ್ಟೇ ಇಲ್ಲಿ ಮುಖ್ಯ.

ಬಿಚ್ಚೋ ಮುಂಚೆ ಹೊರಗಿನಿಂದ ಮಾಡಬಹುದಾದ್ದು ಬಹಳ ಇದೆ. ಯಾರೋ ಗ್ರಿಲ್ ಮೋಡ್‌ನಲ್ಲಿ ಅಥವಾ ಡಿಫ್ರಾಸ್ಟ್‌ನಲ್ಲಿ ಬಿಟ್ಟು ಹೋಗಿದ್ದಾರಾ ನೋಡಿ. ನಗಬೇಡಿ, ಡಿಫ್ರಾಸ್ಟ್‌ನಲ್ಲಿ ಮ್ಯಾಗ್ನೆಟ್ರಾನ್ ಹೆಚ್ಚು ಹೊತ್ತು ಆಫ್ ಆಗೇ ಇರುತ್ತೆ. ಆಮೇಲೆ ನೀರಿನ ಪರೀಕ್ಷೆ. ಒಂದು ಗಾಜಿನ ಬೋಗುಣಿಯಲ್ಲಿ ಸರಿಯಾಗಿ 1 ಲೀಟರ್ ನೀರು ಹಾಕಿ, ಉಷ್ಣತೆ ಬರೆದಿಟ್ಟುಕೊಳ್ಳಿ, ಫುಲ್ ಪವರ್‌ನಲ್ಲಿ 60 ಸೆಕೆಂಡ್ ಇಡಿ, ಕಲಕಿ ಮತ್ತೆ ಅಳೆಯಿರಿ. 1 ಲೀಟರ್ ನೀರು 1 ಡಿಗ್ರಿ ಏರೋಕೆ ಸುಮಾರು 4190 ಜೌಲ್ ಬೇಕು. ಅದನ್ನ 60ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 70. ಅಂದ್ರೆ ಎಷ್ಟು ಡಿಗ್ರಿ ಏರಿತೋ ಅದಕ್ಕೆ 70ರಿಂದ ಗುಣಿಸಿ, ವ್ಯಾಟ್ ಸಿಗುತ್ತೆ. 800 ವ್ಯಾಟ್‌ನ ಓವನ್ 10, 11 ಡಿಗ್ರಿ ಏರಿಸಬೇಕು.

ಉತ್ತರ ಸೊನ್ನೆ ಬಂದ್ರೆ ಒಂದು ಕಥೆ, ಮೂರೋ ನಾಲ್ಕೋ ಡಿಗ್ರಿ ಬಂದ್ರೆ ಇನ್ನೊಂದು ಕಥೆ. ಸ್ವಲ್ಪ ಮಾತ್ರ ಏರಿದ್ರೆ ಮ್ಯಾಗ್ನೆಟ್ರಾನ್ ಹಳೇದಾಗಿರಬಹುದು, ಅಥವಾ ಸಾಕೆಟ್‌ನಲ್ಲಿ ವೋಲ್ಟೇಜೇ ಕಡಿಮೆ ಇರಬಹುದು. ಮ್ಯಾಗ್ನೆಟ್ರಾನ್ ಬಲ್ಬ್ ತರಹ ಅಲ್ಲ. ಒಂದು ಮಟ್ಟದ ಕೆಳಗೆ ಅದು ಕರೆಂಟ್ ಎಳೆಯೋದನ್ನೇ ನಿಲ್ಲಿಸುತ್ತೆ. ಹಾಗಾಗಿ ಸಂಜೆ ಲೈನ್ 180 ವೋಲ್ಟ್‌ಗೆ ಇಳಿದ್ರೆ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯುತ್ತೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಕೆಟ್ಟುಹೋಗೋ ಓವನ್ ಬಹುಶಃ ಕೆಟ್ಟೇ ಇಲ್ಲ. ಸಪೂರ ಎಕ್ಸ್‌ಟೆನ್ಶನ್ ವಯರ್ ತೆಗೆದು ಗೋಡೆಯ 16 ಆಂಪಿಯರ್ ಸಾಕೆಟ್‌ಗೇ ಹಾಕಿ ನೋಡಿ.

ಸೊನ್ನೆ ಬಂದ್ರೆ ಕಿವಿ ಉಪಯೋಗಿಸಿ. ಟ್ರಾನ್ಸ್‌ಫಾರ್ಮರ್ ಇರೋ ಓವನ್‌ನಲ್ಲಿ ಸ್ಟಾರ್ಟ್ ಆದ ಎರಡು ಮೂರು ಸೆಕೆಂಡ್‌ಗೆ ಫ್ಯಾನ್ ಸದ್ದಿನ ಕೆಳಗೆ ಒಂದು ಗುಂಯ್ ಅನ್ನೋ ಸ್ವರ ಸೇರಿಕೊಳ್ಳುತ್ತೆ. ಅದು ಬರಲೇ ಇಲ್ಲ ಅಂದ್ರೆ ಟ್ರಾನ್ಸ್‌ಫಾರ್ಮರ್‌ಗೆ ಕರೆಂಟ್ ತಲುಪ್ತಿಲ್ಲ: ಕಂಟ್ರೋಲ್ ಬೋರ್ಡಿನ ರಿಲೇ ಅಥವಾ ಬಾಗಿಲಿನ ಒಂದು ಸ್ವಿಚ್ ಸುಟ್ಟಿರಬಹುದು. ಸ್ವರ ವಿಪರೀತ ಜೋರಾಗಿ, ನರಳಿದ ಹಾಗೆ ಬಂದ್ರೆ ಡಯೋಡ್ ಅಥವಾ ಕೆಪಾಸಿಟರ್ ಶಾರ್ಟ್ ಆಗಿರೋ ಅನುಮಾನ. ತಕ್ಷಣ ಆಫ್ ಮಾಡಿ. ಮೆಲ್ಲಗೆ ಬಂದು ಬಿಸಿ ಇಲ್ಲದಿದ್ರೆ ದೊಡ್ಡ ವೋಲ್ಟೇಜಿನ ಫ್ಯೂಸ್, ಓಪನ್ ಆದ ಡಯೋಡ್, ಇಲ್ಲಾ ಮ್ಯಾಗ್ನೆಟ್ರಾನ್‌ನ ಫಿಲಮೆಂಟ್. ಇನ್ವರ್ಟರ್ ಮಾಡೆಲ್‌ಗಳಿಗೆ ಈ ಸದ್ದಿನ ಲೆಕ್ಕ ನಡೆಯಲ್ಲ.

ಇಷ್ಟು ಗೊತ್ತಾದ ಮೇಲೆ ಸ್ಕ್ರೂಡ್ರೈವರ್ ಹುಡುಕೋ ಆಸೆ ಬರುತ್ತೆ. ಇಲ್ಲಿ ಎರಡು ಲೆಕ್ಕ ಮಾಡೋಣ, ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಿಕಲ್ ಸಾಕು. ಕೆಪಾಸಿಟರ್ ಸುಮಾರು 1 ಮೈಕ್ರೋಫ್ಯಾರಡ್, 2000 ವೋಲ್ಟ್ ಎಸಿಯ ಪೀಕ್ ಸುಮಾರು 2800. ಪ್ಲಗ್ ತೆಗೆದ ಮೇಲೂ ಅಷ್ಟು ವೋಲ್ಟ್ ಅದರಲ್ಲಿ ಕೂತಿರಬಹುದು. ನಮ್ಮ ದೇಹವನ್ನ 1000 ಓಮ್ ಅಂದುಕೊಂಡ್ರೆ ಮೊದಲ ಕ್ಷಣದ ಕರೆಂಟ್ 2.8 ಆಂಪಿಯರ್. ಒಳಗೆ ಸಾಮಾನ್ಯವಾಗಿ 10 ಮೆಗಾಓಮ್‌ನ ಬ್ಲೀಡರ್ ರೆಸಿಸ್ಟರ್ ಇರುತ್ತೆ. ಟೈಮ್ ಕಾನ್‌ಸ್ಟಂಟ್ 10 ಸೆಕೆಂಡ್, ಒಂದು ನಿಮಿಷದಲ್ಲಿ ಖಾಲಿ. ಆದ್ರೆ ನಾವು ನೋಡ್ತಿರೋದು ಕೆಟ್ಟ ಓವನ್. ಅದರಲ್ಲಿ ಬ್ಲೀಡರ್ ಮಾತ್ರ ಚೆನ್ನಾಗಿದೆ ಅಂತ ಯಾವ ಧೈರ್ಯದ ಮೇಲೆ ನಂಬೋದು?

ಎರಡನೇ ಲೆಕ್ಕ ಇನ್ನೂ ಮುಖ್ಯ. ಪ್ಲಗ್ ಹಾಕಿಯೇ ಟೆಸ್ಟ್ ಮಾಡೋಣ, ಶಾಕ್ ಹೊಡೆದ್ರೆ ಆರ್‌ಸಿಸಿಬಿ ಟ್ರಿಪ್ ಆಗುತ್ತಲ್ವಾ ಅಂತ ಕೆಲವರು ವಾದ ಮಾಡ್ತಾರೆ. ಆಗಲ್ಲ. ಆರ್‌ಸಿಸಿಬಿ ನೋಡೋದು ಫೇಸ್ ಮತ್ತು ನ್ಯೂಟ್ರಲ್ ಕರೆಂಟಿನ ವ್ಯತ್ಯಾಸ. ಇಲ್ಲಿ ಶಾಕ್ ಕೊಡೋದು ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ. ಕರೆಂಟ್ ಅಲ್ಲಿಂದ ಹೊರಟು, ನಮ್ಮ ಮೂಲಕ ಹಾದು, ಓವನ್‌ನ ಬಾಡಿ ಸೇರಿ ಮತ್ತೆ ಸೆಕೆಂಡರಿಗೇ ವಾಪಸ್ ಹೋಗುತ್ತೆ. ಪ್ರೈಮರಿ ಕಡೆ ಹೋದದ್ದೂ ಬಂದದ್ದೂ ಸಮ. ಆರ್‌ಸಿಸಿಬಿಗೆ ಅದು ಇನ್ನೊಂದು ಲೋಡ್ ಅಷ್ಟೇ. ನಮ್ಮ ಲ್ಯಾಬ್‌ನ ಮಲ್ಟಿಮೀಟರ್ ಕೂಡ 600 ಅಥವಾ 1000 ವೋಲ್ಟ್‌ಗೆ ಮಾಡಿದ್ದು, 4000ಕ್ಕೆ ಅಲ್ಲ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಹಾಸ್ಟೆಲ್ ರೂಮಲ್ಲಿ ಕವರ್ ತೆಗೆಯೋ ಕೆಲಸವೇ ಬೇಡ. ಹಳೇ ಓವನ್‌ನ ಟ್ರಾನ್ಸ್‌ಫಾರ್ಮರ್ ಕಿತ್ತು ಪ್ರಾಜೆಕ್ಟ್ ಮಾಡೋ ಐಡಿಯಾ ಇರೋರಿಗೂ ಇದೇ ಮಾತು.

ರಿಪೇರಿಯವರು ಬಂದಾಗ ಮಾತ್ರ ಪಕ್ಕದಲ್ಲಿ ನಿಂತು ನೋಡಿ, ಮಜಾ ಇರುತ್ತೆ. ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ ವಯರ್ ಬಿಡಿಸಿದ ಮೇಲೆ ಮ್ಯಾಗ್ನೆಟ್ರಾನ್‌ನ ಎರಡು ಟರ್ಮಿನಲ್ ನಡುವೆ 1 ಓಮ್‌ಗಿಂತ ಕಡಿಮೆ ಬರಬೇಕು, ಟರ್ಮಿನಲ್‌ನಿಂದ ಬಾಡಿಗೆ ಓಪನ್ ಇರಬೇಕು. ಡಯೋಡ್‌ನಲ್ಲಿ ಒಂದು ಗಮ್ಮತ್ತಿದೆ. ಅದರೊಳಗೆ ಹಲವು ಜಂಕ್ಷನ್‌ಗಳು ಸಾಲಾಗಿ ಇರೋದ್ರಿಂದ ಮಲ್ಟಿಮೀಟರ್‌ನ ಎರಡು ಮೂರು ವೋಲ್ಟ್ ಅದನ್ನ ಆನ್ ಮಾಡೋಕೆ ಸಾಕಾಗಲ್ಲ. ಚೆನ್ನಾಗಿರೋ ಡಯೋಡ್ ಕೂಡ ಎರಡೂ ಕಡೆ ಓಪನ್ ಅಂತಲೇ ತೋರಿಸುತ್ತೆ. ಮೀಟರ್ ಜೊತೆ 9 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿ ಸೇರಿಸಿ ನೋಡಬೇಕು. ಬರೀ ಮೀಟರ್ ಇಟ್ಟು "ಡಯೋಡ್ ಹೋಗಿದೆ" ಅಂದ್ರೆ, ಬ್ಯಾಟರಿ ಹಾಕಿ ಇನ್ನೊಂದ್ಸಲ ನೋಡ್ತೀರಾ ಅಂತ ಕೇಳಿ. ಬಾಗಿಲಿನ ಸ್ವಿಚ್ ಹೋಗಿದ್ರೆ ಅದೇ ರೇಟಿಂಗ್‌ನ ಹೊಸ ಸ್ವಿಚ್ಚೇ ಹಾಕಿಸಿ. ವಯರ್ ಸೇರಿಸಿ ಬೈಪಾಸ್ ಮಾಡಿಕೊಡ್ತೀನಿ ಅಂತ ಅವರು ಹೇಳಿದ್ರೆ ಓವನ್ ವಾಪಸ್ ತಗೊಂಡು ಬನ್ನಿ. ಬಾಗಿಲು ತೆಗೆದಾಗ ಅಲೆಗಳನ್ನ ನಿಲ್ಲಿಸೋದು ಆ ಸ್ವಿಚ್‌ಗಳೇ.