ಕೂಸಿನ ಅಂಜಿಕೆ



ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಪುಟ್ಟ ತಮ್ಮನೋ ತಂಗಿಯೋ ಇರುವುದುಂಟು. ತಾಯಿ ನಲ್ಲಿಯ ನೀರಿಗೆ ನಿಂತಾಗ, ತಂದೆ ಪಾಳಿಯ ಕೆಲಸಕ್ಕೆ ಹೋದಾಗ, ಕೂಸನ್ನು ಆಡಿಸುವ ಭಾರವು ನಿಮ್ಮ ಮೇಲೆ ಬೀಳುತ್ತದೆ. ಆದುದರಿಂದ ಕೂಸಿನ ಅಂಜಿಕೆಯು ಕೇವಲ ತಾಯಂದಿರ ವಿಷಯವಲ್ಲ. ನಿಮ್ಮ ವಿಷಯವೂ ಅಹುದು. ಹೊಸ ವಸ್ತುವನ್ನು ಕಂಡು ಬೆದರಿದ ಕೂಸನ್ನು ಆ ಬೆದರಿಕೆಯಿಂದ ಬಿಡಿಸುವ ಬಗೆ ಯಾವುದೆಂಬುದನ್ನು ಈ ಪಾಠದಲ್ಲಿ ನೋಡೋಣ.

ಕಳೆದ ಮಳೆಗಾಲದಲ್ಲಿ ನಮ್ಮ ತಂಗಿಯು ತನ್ನ 11 ತಿಂಗಳ ಮಗನೊಡನೆ ಧಾರವಾಡದಿಂದ ಮುಂಬಯಿಗೆ, ನಮ್ಮ ಚಾಳಿಗೆ ಬಂದಿದ್ದಳು. ಎರಡನೆಯ ದಿನ ನಾವು ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಕರಿಯ ಕೊಡೆಯ ಗುಂಡಿಯನ್ನು ಒತ್ತಿದೆವು. ಕೊಡೆಯು ಫಟ್ಟನೆ ಬಿಚ್ಚಿಕೊಂಡಿತು. ಹೊಸ್ತಿಲ ಬಳಿ ಅಂಬೆಗಾಲಿಡುತ್ತಿದ್ದ ಕೂಸು ಕಿಟ್ಟನೆ ಕಿರುಚಿತು. ಅಂದಿನಿಂದ ಗೋಡೆಗೆ ತೂಗುಹಾಕಿದ ಮುಚ್ಚಿದ ಕೊಡೆಯನ್ನು ಕಂಡರೂ ಅದು ಅಳತೊಡಗಿತು. ಮಳೆಗಾಲದ ಮುಂಬಯಿಯಲ್ಲಿ ಕೊಡೆಯಿಲ್ಲದ ಮನೆ ಎಲ್ಲಿಯದು?

ಮರುದಿನ ಸಂಜೆ ನಾವು ಮನೆಗೆ ಬಂದಾಗ, 6ನೆಯ ಇಯತ್ತೆಯಲ್ಲಿ ಓದುವ ನಮ್ಮ ಮಗನು ಕೂಸನ್ನು ಮೂಲೆಯಲ್ಲಿ ಕೂಡಿಸಿ, ಅದರ ಮೋರೆಯ ಮುಂದೆ ಕೊಡೆಯನ್ನು ಮತ್ತೆ ಮತ್ತೆ ಬಿಚ್ಚಿ ಮುಚ್ಚುತ್ತಿದ್ದನು. ಕೂಸು ಉಸಿರು ಕಟ್ಟುವಂತೆ ಅಳುತ್ತಿತ್ತು. ನಾವು ಅವನನ್ನು ಗದರಿಸಿದೆವು. ಅವನು ತಲೆ ತಗ್ಗಿಸಿ, "ಅಪ್ಪಾ, ನಾ ನೀರಿಗೆ ಅಂಜತಿದ್ದಾಗ ನೀವು ನನ್ನ ಬಾವ್ಯಾಗ ದೂಡಿದ್ರಿ. ನಾನೂ ಹಾಂಗ ಮಾಡೀನಿ" ಎಂದನು.

ಈಜು ಕಲಿಸುವೆವೆಂದು ಊರ ಬಾವಿಯಲ್ಲಿ ಅವನ ಸೊಂಟಕ್ಕೆ ಹಗ್ಗ ಕಟ್ಟಿ ನಾವು ಹಾಗೆ ಮಾಡಿದ್ದುದು ನಿಜ. ಅವನು ಇಂದಿಗೂ ನೀರಿಗೆ ಇಳಿಯುವುದಿಲ್ಲ.

ಅಂಜಿಕೆ ಹುಟ್ಟುವ ಬಗೆ

ಫಕ್ಕನೆ ಆಗುವ ದೊಡ್ಡ ಸದ್ದಿಗೆ ಹಸುಳೆಗಳು ಬೆಚ್ಚಿಬೀಳುತ್ತವೆ. ಆ ಸದ್ದಿನೊಡನೆ ಕಾಣಿಸಿಕೊಂಡ ವಸ್ತುವಿಗೂ ಅಂಜಿಕೆಯು ಅಂಟಿಕೊಳ್ಳಬಲ್ಲದು. ಅಮೆರಿಕೆಯ ಬಾಲ್ಟಿಮೋರ್ ನಗರದಲ್ಲಿ ಜಾನ್ ವಾಟ್ಸನ್ ಹಾಗೂ ರೋಸಲಿ ರೇನರ್ ಎಂಬವರು ಇದನ್ನು ಒಂದು ಕೂಸಿನ ಮೇಲೆಯೇ ಪರೀಕ್ಷಿಸಿ, 1920ರಲ್ಲಿ ಪ್ರಕಟಿಸಿದರು. ಆಲ್ಬರ್ಟ್ ಎಂದು ಅವರು ಕರೆದ ಆ ಕೂಸು ಮೊದಲು ಬಿಳಿಯ ಇಲಿಗೆ ಅಂಜುತ್ತಿರಲಿಲ್ಲ. ಅದು ಇಲಿಯನ್ನು ಮುಟ್ಟಹೋದಾಗ ಅವರು ಅದರ ಬೆನ್ನ ಹಿಂದೆ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಬಾರಿಸಿದರು. ಹಲವು ಸಲ ಹೀಗಾದ ಮೇಲೆ, ಸದ್ದಿಲ್ಲದಿದ್ದರೂ ಕೂಸು ಇಲಿಯನ್ನು ಕಂಡು ಅಳತೊಡಗಿತು. ಮೊಲವನ್ನು ಕಂಡೂ ಅತ್ತಿತು. ಆ ಅಂಜಿಕೆಯನ್ನು ಕಳೆಯುವ ಮೊದಲೇ ಕೂಸನ್ನು ಅಲ್ಲಿಂದ ಕರೆದೊಯ್ಯಲಾಯಿತು. ಇಂಥ ಪ್ರಯೋಗಕ್ಕೆ ಇಂದು ಯಾರೂ ಒಪ್ಪಲಾರರು. ಆದರೆ ನಮ್ಮ ಕೊಡೆಯು ಕೂಸಿಗೆ ಮಾಡಿದುದೂ ಇದನ್ನೇ.

ಅಂಜಿಕೆ ಹೋಗುವ ಬಗೆ

ಹುಟ್ಟಿದ ಅಂಜಿಕೆಯನ್ನು ಕಳೆಯುವ ದಾರಿಯನ್ನು ಹುಡುಕಿದವರು ಮೇರಿ ಕವರ್ ಜೋನ್ಸ್ ಎಂಬ ವಿದುಷಿ. ಅವರು ಸುಮಾರು 70 ಮಕ್ಕಳನ್ನು ಗಮನಿಸಿ, 1924ರಲ್ಲಿ ತಮ್ಮ ಅನುಭವವನ್ನು ಬರೆದರು. ಅಂಜಿಕೆಯ ವಸ್ತುವನ್ನು ಬಹುಕಾಲ ಮರೆಮಾಡಿಟ್ಟರೂ ಅಂಜಿಕೆಯು ತಾನಾಗಿ ಹೋಗಲಿಲ್ಲ. ಹಾಸ್ಯ ಮಾಡುವುದರಿಂದಲೂ ಗದರಿಸುವುದರಿಂದಲೂ ಹೋಗಲಿಲ್ಲ. ಒಬ್ಬ ಹುಡುಗಿಗೆ ಒಂದು ವಾರ, ದಿನಕ್ಕೆ 10 ನಿಮಿಷ, ಮೊಲದ ಕಥೆಗಳನ್ನು ಹೇಳಿ ಚಿತ್ರಗಳನ್ನು ತೋರಿಸಿದರು. ನಿಜವಾದ ಮೊಲ ಬಂದಾಗ ಅವಳು ಹಿಂಜರಿದಳು. ಬರಿಯ ಮಾತಿಗೆ ಅಂಜಿಕೆಯನ್ನು ಅಟ್ಟುವ ಬಲವಿಲ್ಲ.

ಫಲಿಸಿದ ಉಪಾಯಗಳು ಎರಡು. ಪೀಟರ್ ಎಂಬ 2 ವರ್ಷ 10 ತಿಂಗಳ ಬಾಲಕನು ಮೊಲಕ್ಕೆ ಬಹಳ ಅಂಜುತ್ತಿದ್ದನು. ತುಪ್ಪಳದ ಅಂಗಿಗೂ ಹತ್ತಿಗೂ ಕೂಡ ಅಂಜುತ್ತಿದ್ದನು. ಮೊದಲು ಅವನನ್ನು, ಮೊಲಕ್ಕೆ ಅಂಜದ ಮೂವರು ಮಕ್ಕಳೊಡನೆ ಆಡಲು ಬಿಟ್ಟರು. ಮೊಲವು ಕೋಣೆಯಲ್ಲಿ ಎಲ್ಲಿದ್ದರೂ ಅಳುತ್ತಿದ್ದವನು, ಪಂಜರವು 12 ಅಡಿ ದೂರವಿದ್ದರೆ ಸುಮ್ಮನಿರತೊಡಗಿದನು. ಬಳಿಕ 4 ಅಡಿ, ಅನಂತರ 3 ಅಡಿ. ಅಷ್ಟರಲ್ಲಿ ಅವನಿಗೆ ಜ್ವರ ಬಂದು ಸುಮಾರು ಎರಡು ತಿಂಗಳು ಆಸ್ಪತ್ರೆಯಲ್ಲಿ ಕಳೆದವು. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೈಮೇಲೆ ಎರಗಿತು. ಹಳೆಯ ಅಂಜಿಕೆಯೆಲ್ಲ ಮರಳಿತು. ಆಗ ಎರಡನೆಯ ಉಪಾಯವನ್ನು ಹೂಡಿದರು. ಪೀಟರನು ತನಗೆ ಪ್ರಿಯವಾದ ತಿನಿಸನ್ನು ತಿನ್ನುವಾಗ, ಅವನ ಊಟಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿ ಮೊಲವನ್ನು ಇಡುತ್ತಿದ್ದರು; ದಿನದಿನಕ್ಕೆ ಹತ್ತಿರ ತರುತ್ತಿದ್ದರು. ಕೊನೆಗೆ ಅವನು ತನ್ನ ಬೆರಳನ್ನು ಮೊಲವು ಮೆಲ್ಲಗೆ ಕಚ್ಚಲು ಬಿಟ್ಟನು. ಆದರೆ ಇದನ್ನು ಜೋಕೆಯಿಂದ ಮಾಡತಕ್ಕದ್ದೆಂದು ಜೋನ್ಸ್ ಎಚ್ಚರಿಸಿರುವರು: ಅವಸರಿಸಿದರೆ ಮೊಲದ ಅಂಜಿಕೆಯು ತಿನಿಸಿಗೂ ಅಂಟಿಕೊಂಡೀತು.

ಹತ್ತಿರವಿರುವವರ ಮೋರೆಯೂ ಕೂಸಿಗೆ ಪಾಠವೇ ಸರಿ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನೋಟಕ್ಕೆ ತಗ್ಗಿನಂತೆ ತೋರುವ ಗಾಜಿನ ಹಾಸಿನ ಅಂಚಿಗೆ ಒಂದು ವರ್ಷದ ಕೂಸುಗಳು ಬಂದು, ಆಚೆ ನಿಂತ ತಾಯಿಯ ಮೋರೆಯನ್ನು ನೋಡಿದವು. ತಾಯಿ ನಕ್ಕಾಗ 19 ಕೂಸುಗಳಲ್ಲಿ 14 ದಾಟಿದವು. ತಾಯಿ ಅಂಜಿದ ಮೋರೆ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ.

ನಾವು ಮಾಡಿದುದು

ನಮ್ಮ ಒಂದೇ ಕೋಣೆಯಲ್ಲಿ 12 ಅಡಿ ದೂರ ಎಲ್ಲಿಂದ ಬರಬೇಕು? ಆದುದರಿಂದ ಚಾಳಿನ ಗ್ಯಾಲರಿಯನ್ನೇ ಬಳಸಿದೆವು. ಕೂಸು ಬಾಗಿಲಲ್ಲಿ ತಾಯಿಯ ತೊಡೆಯ ಮೇಲೆ ಕುಳಿತು ಹಿಸುಕಿದ ಬಾಳೆಯ ಹಣ್ಣನ್ನು ತಿನ್ನುವಾಗ, ನಮ್ಮ ಮಗನು ಮುಚ್ಚಿದ ಕೊಡೆಯನ್ನು ಗ್ಯಾಲರಿಯ ಕೊನೆಯ ಕಟಕಟೆಗೆ ತೂಗುಹಾಕಿ, ನೆರೆಯ ಮಕ್ಕಳೊಡನೆ ಅದರ ಬಳಿ ಆಡುತ್ತಿದ್ದನು. ಪ್ರತಿದಿನ ಕೊಡೆಯು ಒಂದು ಬಾಗಿಲಿನಷ್ಟು ಹತ್ತಿರ ಬರುತ್ತಿತ್ತು. ಕೂಸು ತಿನ್ನುವುದನ್ನು ಬಿಟ್ಟು ದಿಟ್ಟಿಸಿದರೆ, ಮತ್ತೆ ಒಂದು ಬಾಗಿಲು ಹಿಂದಕ್ಕೆ. ಆರನೆಯ ದಿನ ಅದು ಕೊಡೆಯ ಹಿಡಿಯನ್ನು ಮುಟ್ಟಿತು. ಬಳಿಕ ಕೊಡೆಯನ್ನು ದೂರದಲ್ಲಿ, ಸದ್ದಾಗದಂತೆ ಕೈಯಿಂದ ತಡೆದು, ಅರ್ಧ ಬಿಚ್ಚತೊಡಗಿದೆವು. ಎಂಟನೆಯ ದಿನ ಗಾಳಿಗೆ ಕೊಡೆ ಉರುಳಿಬಿದ್ದು ಕೂಸು ಮತ್ತೆ ಅತ್ತಿತು. ಪೀಟರನನ್ನು ನೆನೆದು, ಬೇಸರಿಸದೆ ಕೊನೆಯ ಬಾಗಿಲಿನಿಂದ ಪುನಃ ಮೊದಲುಮಾಡಿದೆವು. ಈ ಸಲ ಎರಡೇ ದಿನ ಸಾಕಾದವು. ಹನ್ನೆರಡನೆಯ ದಿನ ಕೂಸು ತಾನಾಗಿ ಬಿಚ್ಚಿದ ಕೊಡೆಯ ಕೆಳಗೆ ನುಸುಳಿ ಕುಳಿತಿತು. ಕಡ್ಡಿಯ ಮೊನೆ ತಾಗದಂತೆ ಹಿಡಿಯನ್ನು ಹಿಡಿದುಕೊಂಡಿದ್ದವನು, ಅಂದು ಅದನ್ನು ಅಳಿಸಿದ ನಮ್ಮ ಮಗನೇ.

ನೆನಪಿಡಬೇಕಾದ ಮಾತುಗಳು

ವಸ್ತುವನ್ನು ಕೂಸಿನ ಮೇಲೆ ಹೇರಬಾರದು; ಎಷ್ಟು ದೂರ ಎಂಬುದನ್ನು ಕೂಸೇ ಗೊತ್ತುಮಾಡಲಿ. ಅದಕ್ಕೆ ಹಿತವಾದುದು ಜೊತೆಗಿರಲಿ. ನಿಮ್ಮ ಮೋರೆ ಶಾಂತವಾಗಿರಲಿ. ಅಂಜಿಕೆ ಮರಳಿದರೆ ಮತ್ತೆ ದೂರದಿಂದ ತೊಡಗಿರಿ. ಗುಮ್ಮ ಬಂದನೆಂದು ಹೊಸ ಅಂಜಿಕೆಯನ್ನು ಎಂದೂ ಬಿತ್ತದಿರಿ. ಉರಿಯುವ ಒಲೆ, ವಿದ್ಯುತ್ತಿನ ತಂತಿ ಮುಂತಾದ ನಿಜವಾದ ಅಪಾಯಗಳ ಬಳಿಗೆ ಮಾತ್ರ ಕೂಸನ್ನು ಬಿಡಲೇಬಾರದು.

ಬರುವ ಬೇಸಗೆಯ ರಜೆಯಲ್ಲಿ ನಾವು ಮಗನೊಡನೆ ಊರಿಗೆ ಹೋಗುವವರಿದ್ದೇವೆ. ಬಾವಿಯ ಮೇಲಿನ ಮೆಟ್ಟಿಲಲ್ಲಿ ಅವನ ಪಕ್ಕಕ್ಕೆ ಕುಳಿತುಕೊಳ್ಳುವೆವು. ಎಷ್ಟು ಮೆಟ್ಟಿಲು ಇಳಿಯಬೇಕೆಂಬುದನ್ನು ಈ ಸಲ ಅವನೇ ಹೇಳಲಿ.

ಅಭ್ಯಾಸ

1. ಪೀಟರನ ಅಂಜಿಕೆಯು ಮರಳಲು ಕಾರಣವೇನು? ಅನಂತರ ಯಾವ ಉಪಾಯವನ್ನು ಹೂಡಿದರು?
2. ಕೇವಲ ಮಾತಿನಿಂದ ಅಂಜಿಕೆ ಹೋಗುವುದಿಲ್ಲವೆಂಬುದಕ್ಕೆ ಪಾಠದಿಂದ ಒಂದು ನಿದರ್ಶನ ಕೊಡಿರಿ.
3. ನಿಮ್ಮ ಮನೆಯ ಅಥವಾ ನೆರೆಮನೆಯ ಕೂಸು ಯಾವ ವಸ್ತುವಿಗೆ ಅಂಜುತ್ತದೆ? ಅದು ಎಷ್ಟು ದೂರವಿದ್ದರೆ ಕೂಸು ನಿಶ್ಚಿಂತೆಯಿಂದ ಆಡುತ್ತದೆಂಬುದನ್ನು ಗಮನಿಸಿ ಬರೆಯಿರಿ.